ಜಾಡಿ ಒಡೆಯಲಿಲ್ಲ

ಮೇ 3

ಜಾಡಿ ಒಡೆಯಲಿಲ್ಲ. ಮೊದಲು ಅದನ್ನು ಬರೆದಿಡುತ್ತೇನೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಪ್ರಭಾಕರಂ ನಮ್ಮ ಗೊಬ್ಬರದ ಅಂಗಡಿಗೆ ಹೋಗಿದ್ದ, ನಮ್ಮವರು ತೀರಿಕೊಂಡ ಮೇಲೆ ಅದು ಅವನದೇ. ಸೊಸೆ ಸತ್ಯವೇಣಿ ಕಾಲುವೆಯಾಚೆ ಒಳ್ಳೆಯ ಮೆಣಸಿನಕಾಯಿ ಬಂದಿದೆಯಂತೆ, ನೋಡಿ ಬರುತ್ತೇನೆಂದು ಹೋಗಿದ್ದಳು. ಅಟ್ಟದಿಂದ ಆವಕಾಯಿ ಉಪ್ಪಿನಕಾಯಿಯ ಜಾಡಿಗಳನ್ನು ಇಳಿಸುವುದು ಯಾವತ್ತೂ ನನ್ನ ಕೆಲಸ. ಸಣ್ಣವೆಲ್ಲ ಇಳಿದವು. ಕೊನೆಗೆ ನಮ್ಮ ಅತ್ತೆಯ ಕಾಲದ ದೊಡ್ಡ ಜಾಡಿ, ಮೇಲರ್ಧ ಕಂದು, ಕೆಳಗರ್ಧ ಬಿಳಿ. ಅದನ್ನು ಹೊಟ್ಟೆಗೆ ಅವಚಿಕೊಂಡು ಇಳಿಯುವಾಗ ಏಣಿಯ ಕೊನೆಯ ಮೆಟ್ಟಿಲು ಕಾಲಿಗೆ ಸಿಗಲಿಲ್ಲ. ಹಿಂದಕ್ಕೆ ಬಿದ್ದೆ. ಹಿಂದಲೆ ಒರಳಿನ ಅಂಚಿಗೆ ತಗುಲಿತು. ಕೈ ಮಾತ್ರ ಜಾಡಿಯನ್ನು ಬಿಡಲಿಲ್ಲ.

ಸ್ವಲ್ಪ ಹೊತ್ತು ಹಾಗೇ ಮಲಗಿದ್ದಿರಬೇಕು. ಬೀಳುವಾಗ ಬಿಸಿಲು ತುಳಸಿಕಟ್ಟೆಯ ಮೇಲಿತ್ತು. ಕಣ್ಣು ಬಿಟ್ಟಾಗ ಬಾವಿಯ ಹತ್ತಿರ ಹೋಗಿತ್ತು. ಜಾಡಿ ಹೊಟ್ಟೆಯ ಮೇಲೇ ಇತ್ತು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದೆ, ಸದ್ದು ಸರಿಯಾಗಿತ್ತು, ಬಿರುಕಿಲ್ಲ. ತಲೆಯಲ್ಲಿ ಚೂರು ರಕ್ತ. ಕಾಫಿಪುಡಿ ಒತ್ತಿ, ಮೇಲೆ ತುರುಬು ಕಟ್ಟಿಕೊಂಡೆ. ಒರಳಿನ ಅಂಚು ತೊಳೆದೆ.

ಯಾರಿಗೂ ಹೇಳುವುದಿಲ್ಲ. ಜಾಡಿ ಇಳಿಸುವಾಗ ಬಿದ್ದವಳು ಆ ವರ್ಷ ಆವಕಾಯಿ ಕಲಸಬಾರದು, ಕಲಸಿದರೆ ನಿಲ್ಲುವುದಿಲ್ಲ. ಇದು ಈ ಮನೆಯಲ್ಲಿ ನಮ್ಮ ಅತ್ತೆಗಿಂತ ಹಿಂದಿನಿಂದ ನಡೆದುಕೊಂಡು ಬಂದಿದೆ. ಬೇರೆ ವರ್ಷವಾಗಿದ್ದರೆ ನೋಡಬಹುದಿತ್ತು. ಮೊಮ್ಮಗಳು ಹೈಮವತಿಗೆ ಮದುವೆಯಾಗಿ ಇದು ಮೊದಲ ಬೇಸಿಗೆ. ಮಂಡಪೇಟೆಯ ಬೀಗರ ಮನೆಗೆ ಈ ಜಾಡಿ ತುಂಬಿ ಹೋಗಬೇಕು. ಅದನ್ನು ಸತ್ಯವೇಣಿ ಕಲಸುವುದೆಂದರೆ ಏನು? ಅವಳು ಹೈಮವತಿಯ ತಾಯಿಯೇ ಇರಬಹುದು. ಕೈ ಬೇರೆ, ಹೆರಿಗೆ ಬೇರೆ.

ಮೇ 5

ತಲೆ ಭಾರ. ಬಿಸಿಲು ಹಾಗಿದೆ, ಊರಿಗೆಲ್ಲ ತಲೆನೋವು.

ಬೆಳಿಗ್ಗೆ ಸತ್ಯವೇಣಿ ನನ್ನ ದಿಂಬು ಹಿಡಿದುಕೊಂಡು ನಿಂತಿದ್ದಳು.

"ಅತ್ತಯ್ಯ, ದಿಂಬಿನ ಮೇಲೆ ಕಾಫಿಪುಡಿ ಹೇಗೆ ಬಂತು?"

"ನಿನ್ನ ಅಡುಗೆಮನೇಲಿ ಅದು ಡಬ್ಬಿಯೊಳಗೆ ಇದ್ದರೆ ತಾನೆ. ಮನೆ ತುಂಬ ಹಾರಾಡ್ತಾ ಇದೆ."

 ಅವಳು ದಿಂಬಿನ ಗವಸು ಬದಲಾಯಿಸಿದಳು. ಮಾತಾಡದೆ ಇರುವುದನ್ನು ಈ ಮನೆಗೆ ಬಂದ ಮೇಲೆ ಚೆನ್ನಾಗಿ ಕಲಿತಿದ್ದಾಳೆ, ಅದು ನಾನು ಕಲಿಸಿದ್ದು.

ಕಾಫಿ ಬಿಸಿನೀರಿನ ಹಾಗಿತ್ತು. ಹೇಳಿದೆ. ಹೊಸ ಪುಡಿ ಹಾಕಿ ಮತ್ತೆ ತಂದಳು. ಅದೂ ಹಾಗೇ. ಬೇಕೆಂದೇ ಮಾಡುತ್ತಾಳೇನೋ.

ಮೇ 8

ಒಲೆಯ ಪಕ್ಕದಲ್ಲಿ ಕೂತು ಮೆಂತ್ಯ ಆರಿಸುತ್ತಿದ್ದೆ. ಸತ್ಯವೇಣಿ ಹಿತ್ತಲಿನಿಂದ ಓಡಿ ಬಂದಳು.

"ಅತ್ತಯ್ಯ, ಹಾಲು ಸೀದು ಕರೀ ಆಗಿದೆ. ವಾಸನೆ ಬಾವಿಕಟ್ಟೆ ತನಕ ಬಂತು. ನೀವು ಇಲ್ಲೇ ಕೂತಿದ್ದೀರಲ್ಲ."

"ಹಾಲಿಟ್ಟವಳು ನೀನು. ಕಾಯೋದಕ್ಕೆ ನನ್ನನ್ನ ನಿಮ್ಮಪ್ಪ ನೇಮಿಸಿದ್ದಾನಾ?"

ಅವಳ ಅಪ್ಪ ಸತ್ತು ಬಹಳ ವರ್ಷವಾಯಿತು. ಆಡಿದ ಮೇಲೆ ನೆನಪಾಯಿತು. ಇರಲಿ.

ರಾತ್ರಿ ಸಾರಿಗೆ ಜೀವವೇ ಇರಲಿಲ್ಲ. ಇಂಗು ಹಾಕಿಲ್ಲವೆಂದೆ. ಹಾಕಿದ್ದೇನೆ ಎಂದಳು. ನಾನೇ ಎದ್ದು ಹೋಗಿ ಹಾಕಿದೆ. ಪ್ರಭಾಕರಂ ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿದ.

"ಅಮ್ಮಾ, ಇಂಗಿನ ಡಬ್ಬಿ ಇದರೊಳಗೆ ಬಿತ್ತಾ?"

ಗಂಡ ಹೆಂಡತಿ ಇಬ್ಬರೂ ನಕ್ಕರು. ನನಗೆ ನಗುವಂಥದ್ದೇನೂ ಕಾಣಲಿಲ್ಲ. ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಮೇ 12

ಗಾಣದವನು ಎಳ್ಳೆಣ್ಣೆ ಡಬ್ಬ ತಂದ. ನಾನು ಒಪ್ಪದೆ ಈ ಮನೆಯೊಳಗೆ ಎಣ್ಣೆ ಬರುವುದಿಲ್ಲ. ಅಂಗೈಗೆ ಒಂದು ಹನಿ ಹಾಕಿಕೊಂಡು ತಿಕ್ಕಿ ಮೂಗಿಗೆ ಹಿಡಿದರೆ ಯಾವ ಎಳ್ಳು, ಹೊಸದೋ ಹಳೆಯದೋ, ಗಾಣದಲ್ಲಿ ಬೇರೆ ಏನಾದರೂ ಆಡಿಸಿದ್ದನೋ ಎಲ್ಲ ಹೇಳುತ್ತೇನೆ. ಈ ಬೀದಿಯ ಹೆಂಗಸರು ತಮ್ಮ ಎಣ್ಣೆಯನ್ನೂ ಬಟ್ಟಲಲ್ಲಿ ತಂದು ನನ್ನ ಮುಂದೆ ಹಿಡಿಯುತ್ತಾರೆ.

ತಿಕ್ಕಿ ಮೂಗಿಗೆ ಹಿಡಿದೆ. ಕೆಟ್ಟ ವಾಸನೆ ಏನೂ ಇರಲಿಲ್ಲ. ಏನೂ ಇರಲಿಲ್ಲ. ಅಷ್ಟು ಶುದ್ಧವಾದ ಎಣ್ಣೆ ಈಚೆಗೆ ನೋಡಿರಲಿಲ್ಲ. "ಇಳಿಸು" ಎಂದೆ.

ಸತ್ಯವೇಣಿ ನನ್ನ ಹಿಂದೆ ನಿಂತಿದ್ದವಳು ಸಣ್ಣಗೆ ಹೇಳಿದಳು.

"ಅತ್ತಯ್ಯ, ಕಮಟು ಬರ್ತಿದೆ."

ಗಾಣದವನು ನೆಲ ನೋಡಿದ. ನಾನು ಅವಳ ಕಡೆ ತಿರುಗಲೂ ಇಲ್ಲ.

"ಶೇಂಗಾ ಎಣ್ಣೆ ತಿಂದು ಬೆಳೆದ ಮೂಗು ಅದು. ಎಳ್ಳೆಣ್ಣೆಯ ವಾಸನೆ ಕಮಟು ಅನ್ಸುತ್ತೆ."

ಗಾಣದವನು ಬೇಗ ಬೇಗ ಡಬ್ಬ ಇಳಿಸಿ ಹೋದ. ಅಷ್ಟು ಆತುರ ಯಾಕೋ.

ಮೇ 14

ಕಲಸುವ ದಿನ. ಬೆಳಗಿನಿಂದ ತಲೆನೋವು, ಆದರೆ ಈ ದಿನ ತಲೆಯದ್ದಲ್ಲ, ಕೈಯದ್ದು.

ಮಾವಿನಕಾಯಿ ಹೋಳುಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿದ್ದಾಯಿತು. ಕುಟ್ಟುವುದಕ್ಕೆ ಬರುವ ನೂಕಾಲಮ್ಮ ಸಾಸಿವೆ ಪುಡಿ ಮಾಡಿ ಮುಗಿಸಿ ಮೊರದಲ್ಲಿ ಹಾಕಿದಳು. ಉಪ್ಪಿನಕಾಯಿ ಕೋಣೆಯ ಬಾಗಿಲು ಹಾಕಿ ಒಳಗಿಂದ ಚಿಲಕ ಸರಿಸಿದೆ. ಯಾರು ಯಾವ ಮೈಲಿಗೆಯಲ್ಲಿ ಬಂದಾರೋ, ಕಲಸುವಾಗ ಬಾಗಿಲು ತೆರೆದಿರಬಾರದು. ಆ ಚಿಲಕ ಹಳೆಯದು, ಬಿಗಿ. ಎಡಗೈಯಿಂದ ಬಾಗಿಲನ್ನು ಬಲವಾಗಿ ಒತ್ತಿ ಹಿಡಿದು ಬಲಗೈಯಿಂದ ತಳ್ಳದಿದ್ದರೆ ಚೌಕಟ್ಟಿನ ತೂತಿಗೆ ಕೂರುವುದಿಲ್ಲ. ಸತ್ಯವೇಣಿಗೆ ಇವತ್ತಿಗೂ ಬಗ್ಗಿಲ್ಲ.

ಕಲಸುವಾಗ ನಾಲಿಗೆಗೆ ಇಡುವಂತಿಲ್ಲ, ಎಂಜಲಾಗುತ್ತದೆ. ಬಣ್ಣ ಕಣ್ಣು ಹೇಳಬೇಕು, ಉಳಿದದ್ದು ಮೂಗು. ದೊಡ್ಡ ಹರಿವಾಣದ ಮೇಲೆ ಬಗ್ಗಿದೆ. ಸಾಸಿವೆ ಸಪ್ಪೆ ಅನ್ನಿಸಿತು. ಈ ವರ್ಷ ಕಾಳೇ ಹಾಗಿರಬೇಕು. ಇನ್ನೂ ಹಾಕಿದೆ.

"ಅತ್ತಯ್ಯ, ಸಾಸಿವೆ ಆಗಲೇ ಜಾಸ್ತಿ. ಕಹಿ ಆಗುತ್ತೆ."

"ಇನ್ನೂ ಸ್ವಲ್ಪ ಆ ಕಡೆ ಕೂತ್ಕೋ. ನಿನ್ನ ನೆರಳು ಬೀಳ್ತಿದೆ."

ನೂಕಾಲಮ್ಮ ಮೂಲೆಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೇಳಿದಳು, "ಅಬ್ಬಾ ಏನು ಘಾಟು. ಅಮ್ಮಗಾರು ಮೂಗು ಸಿಂಡರಿಸೋದೂ ಇಲ್ಲ ನೋಡಿ. ಸಾಸಿವೆಗೂ ಗೊತ್ತು ಯಾರ ಮುಂದೆ ಹಾರಬಾರದು ಅಂತ."

ಅವಳಿಗೆ ಒಂದು ಸೇರು ಅಕ್ಕಿ ಹೆಚ್ಚು ಕೊಟ್ಟೆ.

ಹರಿವಾಣ ಖಾಲಿಯಾದ ಮೇಲೆ ಅದರಲ್ಲಿ ಅಂಟಿಕೊಂಡಿದ್ದಕ್ಕೆ ಬಿಸಿ ಅನ್ನ ಹಾಕಿ ಕಲಸಿ ಎಲ್ಲರ ಕೈಗೂ ಒಂದೊಂದು ಉಂಡೆ ಇಟ್ಟೆ. ವರ್ಷವೂ ಈ ಉಂಡೆಗೆ ಜಗಳ. ಈ ಸಲ ಎಲ್ಲರೂ ಸುಮ್ಮನೆ ತಿಂದರು. ಪ್ರಭಾಕರಂ ತಟ್ಟೆ ನೋಡುತ್ತ, "ಚೆನ್ನಾಗಿದೆ ಅಮ್ಮ" ಎಂದ. ನನ್ನ ಬಾಯಿಗೆ ಖಾರ, ಉಪ್ಪು ಎರಡೇ ಬಂದವು. ಮಾಗಿದ ಮೇಲೆ ಸರಿಹೋಗುತ್ತದೆ.

ಮೇ 17

ಮೂರನೆಯ ದಿನ ಆವಕಾಯಿಯನ್ನು ಮತ್ತೊಮ್ಮೆ ತಿರುವಿ, ಮೇಲೆ ಎಣ್ಣೆ ನಿಲ್ಲಿಸಿ, ಅತ್ತೆಯ ಜಾಡಿಗೆ ತುಂಬಿದೆ. ಬಾಯಿಗೆ ಹೊಸ ಬಟ್ಟೆ ಕಟ್ಟಿದೆ. ಮಂಡಪೇಟೆಗೆ ಅಂಗಡಿಯ ವ್ಯಾನಿನಲ್ಲಿ ಹೋಯಿತು. ಮಡಿಲಲ್ಲಿಟ್ಟುಕೊಂಡು ಹೋಗಬೇಕೆಂದು ಡ್ರೈವರನ ಪಕ್ಕ ಕೂತವನಿಗೆ ಹೇಳಿದೆ. ಬೀಗಿತಿ ರಾಜ್ಯಲಕ್ಷ್ಮಿಗೆ ತನ್ನ ಕೈಯ ಬಗ್ಗೆ ಬಹಳ ಜಂಬವಂತೆ. ನೋಡಲಿ.

ಜಾಡಿ ಹೋದ ಮೇಲೆ ಮಲಗಿದೆ. ಎದ್ದಾಗ ದೀಪ ಹಚ್ಚಿದ್ದರು. ನಾನು ಹಗಲು ಮಲಗುವವಳಲ್ಲ.

ಮೇ 23

ಬೆಳಿಗ್ಗೆ ಏಳುವಾಗ ತಲೆಯೊಳಗೆ ಯಾರೋ ಮಗ್ಗದ ಹಾಸು ಬಿಗಿಯುತ್ತಿರುವಂತೆ. ವಾಂತಿ. ಬಿಸಿಲು ಏರಿದ ಮೇಲೆ ಸ್ವಲ್ಪ ಕಡಿಮೆ. ಹಾಗಾದರೆ ಬಿಸಿಲಿಗೆ ಹೇಗೆ ಬಂತು ಎಂದು ಸತ್ಯವೇಣಿ ಕೇಳುತ್ತಾಳೆ. ಕೇಳುವುದಕ್ಕೆ ಅವಳಿಗೇನು.

ಪ್ರಭಾಕರಂ ಡಾಕ್ಟರನ್ನು ಕರೆತಂದ. ಮೊದಲು ಕಾಂಪೌಂಡರ್ ಆಗಿದ್ದವನು, ಈಗ ಊರಿಗೆಲ್ಲ ಅವನೇ ಡಾಕ್ಟರು. ಕೈಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದ.

"ಎಲ್ಲಾದ್ರೂ ಬಿದ್ದಿರಾ ಅಮ್ಮಗಾರು? ತಲೆಗೇನಾದ್ರೂ ಪೆಟ್ಟು?"

ಸತ್ಯವೇಣಿ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಬೀಳೋಕೆ ನಾನೇನು ಈಗ ನಡೆಯೋದು ಕಲೀತಾ ಇದ್ದೀನಾ?"

ಡಾಕ್ಟರ್ ನಕ್ಕ. ಬಿಸಿಲಿನ ತಾಪ, ರಕ್ತದೊತ್ತಡ ಸ್ವಲ್ಪ ಏರಿದೆ ಎಂದ. ನೋವಿಗೆ ಬಿಳಿ ಮಾತ್ರೆ, ಮಜ್ಜಿಗೆ, ವಿಶ್ರಾಂತಿ. ಸುಳ್ಳು ಹೇಳಿದ ಹಾಗಾಗಲಿಲ್ಲ. ಅವನು ಕೇಳಿದ್ದಕ್ಕೆ ನಾನೂ ಕೇಳಿದೆ, ಅಷ್ಟೆ.

ಮೇ 27

ಈ ಮನೆಯಲ್ಲಿ ಒಂದು ವಸ್ತುವೂ ಇಟ್ಟಲ್ಲಿ ಇರುವುದಿಲ್ಲ. ಎಡಗಾಲಿನ ಚಪ್ಪಲಿ ಎಲ್ಲೆಂದರಲ್ಲಿ ಕಳಚಿಕೊಳ್ಳುತ್ತದೆ, ಬಾರು ಸಡಿಲವಾಗಿದೆ ಎಂದು ಹೊಲಿಸಿದೆ, ಮತ್ತೆ ಕಳಚಿತು. ಚಮ್ಮಾರನಿಗೆ ಕೈ ಹೋಗಿದೆ. ಬೆಳಿಗ್ಗೆ ಲೋಟ ಕಟ್ಟೆಯ ಮೇಲಿಟ್ಟೆ, ಕಟ್ಟೆಯೇ ಅಲ್ಲಿರಲಿಲ್ಲ, ಮಜ್ಜಿಗೆಯೆಲ್ಲ ನೆಲಕ್ಕೆ.

"ಅತ್ತಯ್ಯ, ಕಾಲೆಳೀತಾ ಇದ್ದೀರಿ."

"ಮುದುಕಿ ಕಾಲೆಳೀದೆ ಕುಣೀಬೇಕಾ?"

ಊಟದಲ್ಲಿ ಪಲ್ಯ ಬಡಿಸಿಲ್ಲವೆಂದು ಬೈದೆ. ಅವಳು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಪಲ್ಯ ಅಲ್ಲಿತ್ತು. ಎಡಗಡೆ ಬಡಿಸಿಟ್ಟು ನನ್ನನ್ನು ಮಂಗ ಮಾಡುವ ಆಟ.

ಪ್ರಭಾಕರಂ ತಂದುಕೊಟ್ಟ ಈ ಡೈರಿಯೂ ಸರಿಯಿಲ್ಲ. ಸಾಲುಗಳು ಪುಟದ ಮಧ್ಯದಿಂದ ಶುರುವಾಗುತ್ತವೆ. ಅರ್ಧ ಕಾಗದ ದಂಡ.

ಮೇ 30

ಬೀಗಿತಿ ರಾಜ್ಯಲಕ್ಷ್ಮಿ ಬಂದಿದ್ದಳು, ಜೊತೆಗೆ ಹೈಮವತಿ. ಜಾಡಿಯೂ ಬಂದಿತ್ತು.

ಜಗಲಿಯ ಮೇಲೆ ಜಾಡಿಯನ್ನು ನನ್ನ ಮುಂದೆ ಇಟ್ಟು ಕೂತಳು. ಕಾಫಿ ಕುಡಿದಳು. ಸೆರಗು ಸರಿಮಾಡಿಕೊಂಡಳು.

"ಅಮ್ಮಗಾರು, ಜಾಡಿ ಬಹಳ ಚೆಂದ ಇದೆ. ಹಿರಿಯರದ್ದು ಅಂತ ಹೈಮಾ ಹೇಳಿದ್ಲು. ಅದಕ್ಕೆ ತೊಳೆದು, ಒಣಗಿಸಿ, ನಾನೇ ತಂದೆ."

"ಒಳಗಿದ್ದದ್ದು?"

"ತೆಂಗಿನ ಬುಡಕ್ಕೆ ಹಾಕಿದ್ವಿ. ಮರಕ್ಕೆ ಏನೂ ಆಗಿಲ್ಲ, ಚಿಂತೆ ಮಾಡ್ಬೇಡಿ."

ಹೈಮವತಿ ಅಳುತ್ತಿದ್ದಳು. "ಅಜ್ಜಿ, ಎಣ್ಣೆ ಕಮಟು. ಬಾಯಿಗಿಟ್ಟರೆ ಕಹಿ. ಅವರೆಲ್ಲ ನನ್ನ ಮುಖ ನೋಡಿದ್ರು."

ಬೀಗಿತಿ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಜಾಡಿಯ ಪಕ್ಕ ಇಟ್ಟಳು. "ಇದು ನಮ್ಮನೇದು. ವಯಸ್ಸಾದ ಮೇಲೆ ಕೈ ಒಂದೇ ಥರ ಇರುತ್ತಾ ಅಮ್ಮಗಾರು. ತಿನ್ನಿ, ಬೇಜಾರು ಮಾಡ್ಕೋಬೇಡಿ."

ಇಂಥ ಮಾತಿಗೆ ಏನು ಹೇಳಬೇಕೆಂದು ನನಗೆ ಗೊತ್ತು. ಹೇಳಿದ್ದರೆ ಅವಳು ಇನ್ನೊಮ್ಮೆ ಗೋದಾವರಿಯ ಈ ಕಡೆ ಕಾಲಿಡುತ್ತಿರಲಿಲ್ಲ. ಆದರೆ ನನಗೆ ನಗು ಬಂತು. ಸ್ಟೀಲ್ ಡಬ್ಬಿ ನೋಡಿದರೆ ನಗು. ನಿಲ್ಲಿಸಲಾಗಲಿಲ್ಲ. ಬೀಗಿತಿ ಎದ್ದು ನಿಂತಳು. ಹೈಮವತಿ ಅಳುವುದನ್ನು ಬಿಟ್ಟು ತಾಯಿಯ ಕೈ ಹಿಡಿದುಕೊಂಡಳು. ಸತ್ಯವೇಣಿಯ ಮುಖ ಹಾಗೆ ಆಗಿದ್ದನ್ನು ನಾನು ನೋಡಿಯೇ ಇಲ್ಲ. ಅವಮಾನ ನನಗಾಗಿದ್ದು, ಅವಳೇಕೆ ಹೆದರಬೇಕು?

ಜೂನ್ 3

ಪ್ರಭಾಕರಂ ಗೊಬ್ಬರ ಎತ್ತಿಸಲು ರಾಜಮಂಡ್ರಿಗೆ ಹೋಗಿದ್ದಾನೆ. ನಾಳೆ ಬರುತ್ತಾನೆ.

ತುರುಬು ಕಟ್ಟಿಕೊಳ್ಳಲು ಹೋದರೆ ಎಡಗೈ ತಲೆಯ ತನಕ ಬರಲು ಒಪ್ಪಲಿಲ್ಲ. ಕೂದಲು ಬಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಸತ್ಯವೇಣಿ ಬಂದು ಕೇಳದೆಯೇ ಹಿಂದೆ ಕೂತಳು. ಬೇಡವೆನ್ನಬೇಕಿತ್ತು. ಅವಳ ಕೈ ತಣ್ಣಗಿತ್ತು. ಬೇಡವೆನ್ನಲಿಲ್ಲ.

ಬಾಚಣಿಗೆ ಒಂದು ಕಡೆ ನಿಂತಿತು. ಬೆರಳುಗಳು ಮೆಲ್ಲಗೆ ಕೂದಲು ಸರಿಸಿದವು.

"ಅತ್ತಯ್ಯ, ಇಲ್ಲಿ ಏನಿದು? ಗಾಯ ಒಣಗಿದೆ. ಒಳಗೆ ಕಾಫಿಪುಡಿ ಇದೆ."

"ಜಾಡಿ ಒಡೆಯಲಿಲ್ಲ" ಎಂದೆ.

ಯಾಕೆ ಹಾಗಂದೆನೋ. ಬಾಯಿ ತಾನೇ ಹೇಳಿತು.

ಅವಳು ಬಾಚಣಿಗೆ ಕೆಳಗಿಟ್ಟಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಮುಚ್ಚಿದ ಮುಷ್ಟಿ ತಂದು ನನ್ನ ಮೂಗಿನ ಹತ್ತಿರ ಹಿಡಿದಳು.

"ಕಣ್ಣು ಮುಚ್ಕೊಳ್ಳಿ. ಇದೇನು ಹೇಳಿ."

"ನಿನ್ನ ಕೈ."

"ಕೈಯೊಳಗೆ?"

"ಮಕ್ಕಳಾಟ ಆಡ್ಬೇಡ."

ಮುಷ್ಟಿ ಬಿಚ್ಚಿದಳು. ಇಂಗು. ಅಷ್ಟು ದೊಡ್ಡ ತುಂಡು. ನೂಕಾಲಮ್ಮ ಹಿತ್ತಲಿನಿಂದ, "ಇಂಗಿನ ಡಬ್ಬಿ ಯಾರು ತೆಗೆದ್ರಿ" ಎಂದು ಕೂಗಿದಳು.

ಸತ್ಯವೇಣಿ ನೆಲದ ಮೇಲೆ ನನ್ನೆದುರು ಕೂತಳು. "ಅತ್ತಯ್ಯ, ನಮ್ಮಪ್ಪ ಸೈಕಲ್ಲಿಂದ ಬಿದ್ದಾಗ ನಗ್ತಾ ಎದ್ರು. ಚಹಾ ಕುಡಿದ್ರು, ಮನೆಗೆ ಬಂದ್ರು. ಊಟಕ್ಕೆ ರುಚಿಯಿಲ್ಲ ಅಂದ್ರು. ತಲೆನೋವು ಅಂದ್ರು. ಆಮೇಲೆ ನಿದ್ದೆ, ಬರೀ ನಿದ್ದೆ. ಕಾಲೆಳೆಯೋಕೆ ಶುರು ಮಾಡಿದ್ರು. ಊರೆಲ್ಲ ಕುಡಿತ ಅಂತು. ನಾವೂ ನಂಬಿದ್ವಿ. ಕಾಕಿನಾಡದ ದೊಡ್ಡಾಸ್ಪತ್ರೇಲಿ ತಲೆ ಫೋಟೋ ತೆಗೆದು ಹೇಳಿದ್ರು, ಒಳಗೆ ರಕ್ತ ಹನಿ ಹನಿಯಾಗಿ ತುಂಬಿದೆ, ಒಂದು ವಾರ ಮುಂಚೆ ಬಂದಿದ್ರೆ ತೂತು ಮಾಡಿ ತೆಗೀತಿದ್ವಿ, ಎದ್ದು ನಡೀತಿದ್ರು ಅಂತ."

"ನಿಮ್ಮಪ್ಪ ಕುಡೀತಿದ್ದದ್ದು ಎಲ್ಲರಿಗೂ ಗೊತ್ತು."

"ಕುಡೀತಿದ್ರು. ಅದಕ್ಕೇ ಯಾರೂ ನೋಡ್ಲಿಲ್ಲ." ಅವಳ ದನಿ ಏರಲಿಲ್ಲ. "ನಿಮಗೆ ಬಿಸಿಲಿದೆ. ಅದಕ್ಕೇ ಯಾರೂ ನೋಡ್ತಿಲ್ಲ. ನಾಳೆ ಅವರು ಬಂದ ತಕ್ಷಣ ಕಾರು ತರಿಸ್ತೀನಿ. ಕಾಕಿನಾಡಕ್ಕೆ ಹೋಗೋಣ."

ಎಲ್ಲ ಅರ್ಥವಾಯಿತು. ನಾನು ಬಿದ್ದದ್ದು ಗೊತ್ತಾಯಿತು, ಇನ್ನು ಈ ವರ್ಷ ಕೈ ಇಡುವ ಹಾಗಿಲ್ಲ. ಮರದಲ್ಲಿ ಇನ್ನೂ ಕಾಯಿ ಇದೆ. ನನ್ನನ್ನು ಆಸ್ಪತ್ರೆಗೆ ಕಳಿಸಿ, ಚಿಲಕ ಹಾಕಿ, ಅವಳೇ ಕಲಸಿ, ಮಂಡಪೇಟೆಗೆ ಕಳಿಸುತ್ತಾಳೆ.

"ಮಾವಿನಕಾಯಿ ಮುಟ್ಟಿದರೆ ಕೈ ಮುರೀತೀನಿ" ಎಂದೆ.

ಅವಳು ಅತ್ತಳು. ಈ ಮನೆಯಲ್ಲಿ ಅವಳು ಅತ್ತದ್ದನ್ನು ನೋಡಿದ್ದು ಹೈಮವತಿಯನ್ನು ಕಳಿಸುವಾಗ ಮಾತ್ರ. ಆಮೇಲೆ ಮೂಗೊರೆಸಿಕೊಂಡು, ತುರುಬು ಕಟ್ಟಿ ಮುಗಿಸಿದಳು. ಬಿಗಿಯಾಗಿ ಕಟ್ಟಿದ್ದಾಳೆ. ಬಿಚ್ಚಿಲ್ಲ.

ಜೂನ್ 4

ನಿದ್ದೆ. ಗಂಜಿ ಕುಡಿಸಿದರು. ಬಾಯಿಯ ಎಡಗಡೆಯಿಂದ ಇಳಿಯಿತಂತೆ, ಸೀರೆಗೆ. ನಿದ್ದೆ ಮಾಡಲು ಬಿಡುವುದಿಲ್ಲ ಇವಳು. ಕರೆಯುತ್ತಲೇ ಇರುತ್ತಾಳೆ, ಅತ್ತಯ್ಯ, ಇವತ್ತು ಯಾವ ವಾರ, ಅತ್ತಯ್ಯ, ಹೈಮಾ ಗಂಡನ ಹೆಸರೇನು. ವಾರ ಹೇಳಿದೆ. ಹೆಸರು ಹೇಳಲಿಲ್ಲ. ಗೊತ್ತಿದೆ, ಹೇಳಲಿಲ್ಲ.

ಜೂನ್ 4

ನಿದ್ದೆ. ಗಂಜಿ ಕುಡಿಸಿದರು.

ಪ್ರಭಾಕರಂ ಬಂದಿದ್ದಾನೆ. ಜಗಲಿಯಲ್ಲಿ ಅವರಿಬ್ಬರ ಮಾತು ಕೇಳಿಸಿತು.

"ಬಿಸಿಲು ಅಂತ ಡಾಕ್ಟರೇ ಹೇಳಿದ್ರಲ್ಲ ವೇಣಿ. ಅಮ್ಮನ್ನ ಒಪ್ಪಿಸೋರು ಯಾರು?"

"ಒಪ್ಪಿಸೋದು ಬೇಡ. ಎತ್ಕೊಂಡು ಹೋಗೋಣ. ಯಾನಾಂ ರೇವಲ್ಲಿ ಕಾರನ್ನ ಪಂಟು ದೋಣಿ ಮೇಲೆ ಹತ್ತಿಸಿ ಗೋದಾವರಿ ದಾಟಬೇಕು, ಸಂಜೆ ಮೇಲೆ ಪಂಟು ಬಿಡೋಲ್ಲ. ಇವತ್ತು ದಾಟದಿದ್ರೆ ನಾಳೆ ದಾಟಿಸೋದಕ್ಕೆ ಏನಿರುತ್ತೋ ನನಗೆ ಗೊತ್ತಿಲ್ಲ."

ನನ್ನ ಮನೆಯಲ್ಲಿ ಇಷ್ಟು ಮಾತಾಡುತ್ತಾಳೆ. ಕಲಿಸಿದ್ದು ಎಲ್ಲಿ ಹೋಯಿತು.

ಪ್ರಭಾಕರಂ ಕಾರು ತರಲು ಹೋದ. ಅವಳು ಬಟ್ಟೆ ಕಟ್ಟುತ್ತಿದ್ದಾಳೆ. ನಾನು ಗೋಡೆ ಹಿಡಿದುಕೊಂಡು ಉಪ್ಪಿನಕಾಯಿ ಕೋಣೆಗೆ ಬಂದೆ. ಗೋಡೆ ಒಂದು ಕಡೆ ಮಾತ್ರ ಇದೆ. ಇಲ್ಲಿ ತಂಪು. ಜಾಡಿ ಇದೆ. ಬೀಗಿತಿ ತೊಳೆದಿಟ್ಟ ಹಾಗೇ, ಬರಿದಾಗಿ. ಪಕ್ಕದಲ್ಲಿ ಮಲಗಿದ್ದೇನೆ.

ಯಾವ ಕಾರೂ ಬೇಡ. ನಮ್ಮವರು ಅಂಗಡಿಯಿಂದ ಬರಲಿ. ಅವರು ಬಂದ ಮೇಲೆ ಹೇಳುತ್ತೇನೆ. ಅವರು ಬಂದು ಬಹಳ ದಿನವಾಯಿತು.

ಚಿಲಕ ಹಾಕಿದ್ದೇನೆ. ಎಡಗೈ ಬಾಗಿಲು ಒತ್ತಿ ಹಿಡಿಯಿತು. ಬಲಗೈ ತಳ್ಳಿತು. ಭದ್ರವಾಗಿದೆ. ಕಾರು ಬಂದು ಕೂಗಿಕೊಂಡು ಹೋಗಲಿ.

ತಲೆನೋವು ಪೂರ್ತಿ ಹೋಗಿದೆ. ಈಗ ನಿದ್ದೆ ಬಂದರೆ ಒಳ್ಳೆಯ ನಿದ್ದೆ.

ವಾಸನೆ ಬರುತ್ತಿದೆ. ಹೌದು. ಮೊದಲು ಎಣ್ಣೆ, ಹೊಸ ಎಳ್ಳಿನದು. ಆಮೇಲೆ ಸಾಸಿವೆ, ನಮ್ಮ ಅತ್ತೆ ಕುಟ್ಟಿಸುತ್ತಿದ್ದ ಹಾಗೆ, ಮೂಗು ಉರಿಯುವ ಹಾಗೆ. ಮಾವಿನ ಸೊನೆ. ಜಾಡಿಯೊಳಗಿಂದಲೇ ಬರುತ್ತಿದೆ. ಮನೆಯೆಲ್ಲ ತುಂಬಿದೆ. ನನ್ನ ಮೂಗಿಗೆ ಏನಾಗಿದೆ? ಏನೂ ಆಗಿಲ್ಲ. ಎದ್ದ ಮೇಲೆ ಅವಳನ್ನು ಕರೆದು ಇದರೊಳಗೆ ತಲೆಯಿಟ್ಟು ನೋಡು ಅನ್ನಬೇಕು.

ಹೊರಗೆ ಯಾರೋ ಅತ್ತಯ್ಯ, ಅತ್ತಯ್ಯ ಅನ್ನುತ್ತ ಒಂದೊಂದು ಕೋಣೆ ಹುಡುಕುತ್ತಿದ್ದಾರೆ. ನಾನು ಓಗೊಡುವುದಿಲ್ಲ.

ಬಾಗಿಲು ಸ್ವಲ್ಪ ಆಡುತ್ತಿದೆ. ಗಾಳಿ ಇರಬೇಕು. ಸಂದಿಯಿಂದ ಬಿಸಿಲಿನ ಗೆರೆಯೊಂದು ಬಂದು ಜಾಡಿಯ ಮೇಲೆ ಬಿದ್ದಿದೆ. ಅಗಲವಾಗುತ್ತಿದೆ